ಶಾರ್ಕ್‌ಗಳ ಅಪರೂಪದ ನಡವಳಿಕೆಯನ್ನು ಡೈವ್‌ನಲ್ಲಿ ಚಿತ್ರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾರ್ಕ್ ಕಂಡ ಕೂಡಲೇ ಕ್ಯಾಮೆರಾ ಎತ್ತಿಕೊಂಡು ಅದರ ಹಿಂದೆ ಈಜುವ ಕೆಲಸವನ್ನು ನಾನೂ ನಾಲ್ಕೈದು ವರ್ಷ ಮಾಡಿದ್ದೇನೆ. ಮನೆಗೆ ಬಂದು ನೋಡಿದರೆ ಗಂಟೆಗಟ್ಟಲೆ ವಿಡಿಯೊ, ಎಲ್ಲದರಲ್ಲೂ ದೂರ ಹೋಗುತ್ತಿರುವ ಬಾಲ. ಆಮೇಲೆ ಅಟ್ಟಿಸಿಕೊಂಡು ಹೋಗುವುದು ಬಿಟ್ಟು ಒಂದು ಕಡೆ ಕಾಯುವುದನ್ನು ಕಲಿತೆ. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಮ್ಮಿ ಆ ಕಾಯುವುದರ ಬಗ್ಗೆಯೇ: ಎಲ್ಲಿ, ಯಾವ ತಿಂಗಳು, ಎಷ್ಟು ಹೊತ್ತು.

ಅಪರೂಪದ ನಡವಳಿಕೆ ಅಂದರೆ ಏನು? ಶಾರ್ಕ್ ಕಾಣುವುದೇ ಅಪರೂಪ ಅಲ್ವಾ?

ಅದು ಜಾತಿಯ ಮೇಲೆ ಹೋಗುತ್ತದೆ. ವೈಟ್‌ಟಿಪ್ ರೀಫ್ ಶಾರ್ಕ್ ಹಗಲಿಡೀ ಮರಳಿನ ಮೇಲೆ ಮಲಗಿರುವುದು ಮಾಮೂಲು. ಅದು ಬಾಯಿಂದ ನೀರು ಎಳೆದು ಕಿವಿರಿಗೆ ತಳ್ಳಬಲ್ಲದು, ಉಸಿರಾಟಕ್ಕಾಗಿ ಈಜುತ್ತಲೇ ಇರಬೇಕಿಲ್ಲ. ಆದರೆ ಮೆಕ್ಸಿಕೋದ ಇಸ್ಲಾ ಮುಹೆರೆಸ್ ದ್ವೀಪದ ಹತ್ತಿರ, ನೀರಡಿಯ ಗುಹೆಗಳಲ್ಲಿ ಕೆರಿಬಿಯನ್ ರೀಫ್ ಶಾರ್ಕ್‌ಗಳು ಅಲುಗಾಡದೆ ಬಿದ್ದಿರುವುದು ತಿಳಿದಾಗ ವಿಜ್ಞಾನಿಗಳೇ ಬೆರಗಾದರು. 1970ರ ದಶಕದಲ್ಲಿ ಶಾರ್ಕ್ ವಿಜ್ಞಾನಿ ಯೂಜೀನಿ ಕ್ಲಾರ್ಕ್ ಅಲ್ಲಿಗೇ ಹೋಗಿ ನೀರಿಗಿಳಿದು ನೋಡಿದರು. ಗುಹೆಯನ್ನು ಮೊದಲು ಕಂಡದ್ದು ಮಾತ್ರ ಅಲ್ಲಿನ ಸ್ಥಳೀಯ ಡೈವರ್‌.

ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. ಶಾರ್ಕ್‌ಗಳು ಒಮ್ಮೊಮ್ಮೆ ತಮ್ಮ ಹೊಟ್ಟೆಯ ಚೀಲವನ್ನೇ ಬಾಯಿಂದ ಹೊರಗೆ ಹಾಕಿ, ತೊಳೆದಂತೆ ಮಾಡಿ, ಮತ್ತೆ ನುಂಗುತ್ತವೆ. ಸಮುದ್ರದಲ್ಲಿ ತನ್ನ ಪಾಡಿಗೆ ಈಜುತ್ತಿದ್ದ ಕೆರಿಬಿಯನ್ ರೀಫ್ ಶಾರ್ಕ್ ಹೀಗೆ ಮಾಡಿದ್ದರ ವರದಿ 2005ರಲ್ಲಿ ಬಂತು. ಇಡೀ ಸಂಗತಿ ಒಂದು ಸೆಕೆಂಡಿಗಿಂತ ಕಡಿಮೆ. ಕಣ್ಣು ಮಿಟುಕಿಸಿದರೆ ಹೋಯಿತು. ಹಾಗಾಗಿ ಮೊದಲು ಒಂದೊಂದು ಜಾತಿಯ ಮಾಮೂಲು ದಿನಚರಿ ನಿಮಗೆ ಬಾಯಿಪಾಠ ಆಗಿರಬೇಕು. ಅದು ಗೊತ್ತಿಲ್ಲದವನ ಮುಂದೆ ಎಂಥ ವಿಚಿತ್ರ ನಡೆದರೂ ಅವನು ಕ್ಯಾಮೆರಾದ ಬ್ಯಾಟರಿ ನೋಡುತ್ತಾ ಇರುತ್ತಾನೆ.

ಎಲ್ಲಿಂದ ಶುರು ಮಾಡಲಿ? ಡೈವ್ ಜಾಗಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ.

ಪಟ್ಟಿಯಿಂದ ಶುರು ಮಾಡಬೇಡಿ. ಯಾವ ನಡವಳಿಕೆ ಬೇಕು ಅಂತ ಮೊದಲು ತೀರ್ಮಾನಿಸಿ. ಬೇಟೆಯೋ, ಮಿಲನವೋ, ಮೈ ಸ್ವಚ್ಛ ಮಾಡಿಸಿಕೊಳ್ಳುವುದೋ, ಮೊಟ್ಟೆ ಇಡುವುದೋ? ಆಮೇಲೆ ಅದನ್ನು ಡೈವರ್‌ಗೆ ಎಟುಕುವ ಆಳದಲ್ಲಿ ಮಾಡುವ ಜಾತಿ ಯಾವುದು ನೋಡಿ. ಆಮೇಲೆ ಜಾಗ, ಕೊನೆಗೆ ತಿಂಗಳು. ಈ ಕ್ರಮ ತಿರುವುಮುರುವಾದರೆ ಜಾಗ ಚೆನ್ನಾಗಿರುತ್ತದೆ, ಕಾಲ ತಪ್ಪಿರುತ್ತದೆ.

ಇನ್ನೊಂದು ಮಾತು. ಹತ್ತು ಡೈವ್‌ಗೆ ದುಡ್ಡಿದ್ದರೆ ಹತ್ತು ಜಾಗ ನೋಡಬೇಕು ಅನ್ನಿಸುತ್ತದೆ. ಚಿತ್ರಿಸುವವರು ಒಂದೇ ಜಾಗಕ್ಕೆ ಹತ್ತು ಸಲ ಇಳಿಯಬೇಕು. ನಾಲ್ಕನೇ ಡೈವ್ ಹೊತ್ತಿಗೆ ಶಾರ್ಕ್ ಯಾವ ಬಂಡೆಯ ಎಡಗಡೆಯಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ ಅನ್ನುವುದು ಗೊತ್ತಾಗತೊಡಗುತ್ತದೆ.

ಅವು ನಿಜವಾಗಿಯೂ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತವೆಯೇ?

ಬರುತ್ತವೆ. ಅದಕ್ಕೆ ಒಳ್ಳೆಯ ಸಾಕ್ಷಿ ಕ್ಲೀನಿಂಗ್ ಸ್ಟೇಷನ್‌ಗಳು. ಮೈ ಮೇಲಿನ ಪರೋಪಜೀವಿಗಳನ್ನು, ಸತ್ತ ಚರ್ಮವನ್ನು ತಿನ್ನುವ ಚಿಕ್ಕ ಮೀನುಗಳು ಹವಳದ ಒಂದು ಮೂಲೆಯಲ್ಲಿ ಅಂಗಡಿ ಇಟ್ಟಂತೆ ಇರುತ್ತವೆ. ಗಿರಾಕಿಗಳು ತಾವಾಗಿ ಬರುತ್ತಾರೆ. ಅಪರೂಪದ ದೃಶ್ಯ ಹುಡುಕುವವರಿಗೆ ಇದಕ್ಕಿಂತ ಖಾತ್ರಿಯಾದ ಶುರುವಾತು ಇಲ್ಲ.

ಫಿಲಿಪ್ಪೀನ್ಸ್‌ನ ಮಲಪಾಸ್ಕುವಾ ದ್ವೀಪದ ಹತ್ತಿರ ಕಿಮುಡ್ ಶೋಲ್ ಎಂಬ ಮುಳುಗಿದ ದಿಬ್ಬ ಇದೆ. ಅಲ್ಲಿಗೆ ಬೆಳಗಿನ ಜಾವ ಥ್ರೆಷರ್ ಶಾರ್ಕ್‌ಗಳು ಆಳದಿಂದ ಮೇಲೆ ಬರುತ್ತವೆ. ಬೋಟ್ ಕತ್ತಲಲ್ಲೇ ಹೊರಡುತ್ತದೆ. ನೀರು ಇನ್ನೂ ಬೂದಿ ಬಣ್ಣ. ಮೊದಲು ಕಾಣುವುದು ದೊಡ್ಡ ಕಪ್ಪು ಕಣ್ಣು, ಆಮೇಲೆ ಮೈ, ಆಮೇಲೆ ಮುಗಿಯದೇ ಮುಗಿಯದೇ ಬರುವ ಬಾಲ. ಮೈ ಎಷ್ಟು ಉದ್ದವೋ ಬಾಲವೂ ಹೆಚ್ಚುಕಮ್ಮಿ ಅಷ್ಟೇ. ದಿಬ್ಬದ ಮೇಲೆ ಬಂದಾಗ ಅದು ವೇಗ ತಗ್ಗಿಸುತ್ತದೆ, ಬಾಲವನ್ನು ಸ್ವಲ್ಪ ಇಳಿಬಿಟ್ಟು ಸುತ್ತು ಹಾಕುತ್ತದೆ. ಆಗ ಬೆರಳುದ್ದದ ಕ್ಲೀನರ್ ರಾಸ್ ಮೀನುಗಳು ಮೇಲೆದ್ದು ಹೊಟ್ಟೆಯ ಕೆಳಗೆ, ಕಿವಿರಿನ ಹತ್ತಿರ ಕೈಚಳಕ ತೋರಿಸುತ್ತವೆ. ಒಂದು ಸಲ ನನ್ನ ಮುಂದೆಯೇ ಹೀಗೆ ಮೂರು ಸುತ್ತು ಹಾಕಿದ ಥ್ರೆಷರ್ ನಾಲ್ಕನೆಯದಕ್ಕೆ ಥಟ್ಟನೆ ತಿರುಗಿ ಹೊರಟುಹೋಯಿತು. ಕಾರಣ ಪಕ್ಕದಲ್ಲಿದ್ದ ಡೈವರ್ ಒಂದೆರಡು ಮೀಟರ್ ಮುಂದೆ ಸರಿದದ್ದು, ಅಷ್ಟೇ.

ಅಲ್ಲಿ ಫ್ಲಾಶ್ ಆಗಲಿ, ಸ್ಟ್ರೋಬ್ (ನೀರೊಳಗಿನ ದೊಡ್ಡ ಫ್ಲಾಶ್ ದೀಪ) ಆಗಲಿ ಬಳಸುವಂತಿಲ್ಲ. ಬೆಳಕಿಗೆ ಬೇಜಾರು ಮಾಡಿಕೊಂಡರೆ ಗಿರಾಕಿ ಆ ದಿನ ವಾಪಸ್ ಬರುವುದಿಲ್ಲ. ಹಾಗಾಗಿ ಕಡಿಮೆ ಬೆಳಕಲ್ಲಿ ಚೆನ್ನಾಗಿ ತೆಗೆಯುವ ಲೆನ್ಸ್ ಬೇಕು.

ಸುತ್ತಿಗೆ ತಲೆಯ ಹ್ಯಾಮರ್‌ಹೆಡ್ ಶಾರ್ಕ್‌ಗಳಿಗೆ ಇಂಥ ಜಾಗ ಪೂರ್ವ ಪೆಸಿಫಿಕ್‌ನ ಕೊಕೊಸ್, ಮಲ್ಪೆಲೊ, ಗಲಾಪಗೋಸ್ ದ್ವೀಪಗಳ ಕಡೆ ಸಿಗುತ್ತದೆ. ಅಲ್ಲಿ ಕೆಲಸ ಮಾಡುವುದು ಹಳದಿ ಬಣ್ಣದ ಬಾರ್ಬರ್‌ಫಿಶ್. ಹೆಸರೇ ಹೇಳುತ್ತದೆ, ಕ್ಷೌರದವನು. ಗುಂಪಿನಲ್ಲಿ ಸಾಗುತ್ತಿರುವ ಹ್ಯಾಮರ್‌ಹೆಡ್ ಒಂದು ಸಾಲಿನಿಂದ ಬಿಡಿಸಿಕೊಂಡು ಕೆಳಗೆ ಬಂದು, ಮೈ ವಾಲಿಸಿ ನಿಧಾನ ಆದರೆ ಕ್ಯಾಮೆರಾ ಓಡುತ್ತಿರಬೇಕು.

ಬೇಟೆ ಚಿತ್ರಿಸಬೇಕು. ಆದರೆ ಹಗಲಲ್ಲಿ ಶಾರ್ಕ್‌ಗಳು ಸುಮ್ನೆ ತಿರುಗಾಡುತ್ತಿರುತ್ತವೆ. ಏನು ಮಾಡಲಿ?

ಬಹಳಷ್ಟು ಜಾತಿಗಳು ಸಂಜೆ, ರಾತ್ರಿ, ಮುಂಜಾವಿನಲ್ಲಿ ಬೇಟೆಯಾಡುತ್ತವೆ. ನೀವು ಹತ್ತು ಗಂಟೆಗೆ ತಿಂಡಿ ತಿಂದು ನೀರಿಗಿಳಿದರೆ ಅವುಗಳ ವಿಶ್ರಾಂತಿ ಕಾಣುತ್ತದೆ, ಊಟ ಕಾಣುವುದಿಲ್ಲ.

ಫ್ರೆಂಚ್ ಪಾಲಿನೇಷ್ಯಾದ ಫಕರಾವಾ ದ್ವೀಪವಲಯದ ದಕ್ಷಿಣದ ಕಾಲುವೆಯಲ್ಲಿ ಆರೇಳು ನೂರು ಗ್ರೇ ರೀಫ್ ಶಾರ್ಕ್‌ಗಳು ಸೇರುತ್ತವೆ. ಹಗಲಲ್ಲಿ ಸೆಳೆತಕ್ಕೆ ಮುಖ ಮಾಡಿ, ಗಾಳಿಯಲ್ಲಿ ತೇಲುವ ಹದ್ದುಗಳ ಹಾಗೆ ನಿಂತಿರುತ್ತವೆ. ಕತ್ತಲಾದ ಮೇಲೆ ಅದೇ ಪ್ರಾಣಿಗಳು ಬೇರೆಯೇ. ಕೊಕೊಸ್ ದ್ವೀಪದಲ್ಲಿ ರಾತ್ರಿ ವೈಟ್‌ಟಿಪ್‌ಗಳು ಹಿಂಡಾಗಿ ಹವಳದ ಸಂದುಗಳನ್ನು ಜಾಲಾಡುತ್ತವೆ. ಒಂದು ಮೀನು ಹೊರಬಿತ್ತೋ, ಇಪ್ಪತ್ತು ಮೂತಿ ಒಟ್ಟಿಗೆ ನುಗ್ಗುತ್ತವೆ. ಡೈವರ್‌ನ ದೀಪದ ಬೆಳಕಿನಲ್ಲೇ ಬೇಟೆಯಾಡಲು ಅವು ಕಲಿತಿವೆ. ಹಾಗಾಗಿ ಒಂದು ಬಡಪಾಯಿ ಮೀನಿನ ಮೇಲೆ ದೀಪ ಹಿಡಿದರೆ ಅದಕ್ಕೆ ಮರಣದಂಡನೆ ಬರೆದ ಹಾಗೆ. ನಾನು ದೀಪವನ್ನು ಅಗಲಕ್ಕೆ ಹರಡಿ, ಮರಳಿನ ಕಡೆಗೆ ಇಳಿಸಿಕೊಳ್ಳುತ್ತೇನೆ.

ಹಗಲಲ್ಲೇ ಬೇಟೆ ಸಿಗುವ ಜಾಗವೂ ಇವೆ. ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಮೇಯಿಂದ ಜುಲೈವರೆಗೆ ಸಾರ್ಡೀನ್ ಮೀನಿನ ಮಹಾ ವಲಸೆ ನಡೆಯುತ್ತದೆ. ಡಾಲ್ಫಿನ್‌ಗಳು ಮೀನನ್ನು ಉಂಡೆ ಕಟ್ಟುತ್ತವೆ, ಮೇಲಿಂದ ಗ್ಯಾನೆಟ್ ಹಕ್ಕಿಗಳು ಬಾಣದಂತೆ ಬೀಳುತ್ತವೆ, ಕೆಳಗಿಂದ ಕಾಪರ್ ಶಾರ್ಕ್, ಡಸ್ಕಿ ಶಾರ್ಕ್‌ಗಳು ಬಾಯಿ ತೆರೆದು ಬರುತ್ತವೆ. ವಾರವಿಡೀ ಬೋಟ್‌ನಲ್ಲಿ ಅಲುಗಾಡಿ ಒಂದೂ ಉಂಡೆ ಸಿಗದೆ ವಾಪಸ್ ಬಂದವರೂ ಇದ್ದಾರೆ. ಆ ಸಾಧ್ಯತೆಗೆ ಮನಸ್ಸು ಸಿದ್ಧ ಇರಲಿ.

ಥ್ರೆಷರ್‌ನ ಬಾಲದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅದು ಬಾಲದಿಂದ ಹೊಡೆದು ಮೀನು ಹಿಡಿಯುತ್ತದೆ ಎಂಬ ಮಾತು ಬಹಳ ಹಳೆಯದು. ಕಣ್ಣಾರೆ ತೋರಿಸಿದ್ದು ಮಾತ್ರ 2010ರಲ್ಲಿ ಫಿಲಿಪ್ಪೀನ್ಸ್‌ನ ಪೆಸ್ಕಡೋರ್ ದ್ವೀಪದಲ್ಲಿ ತೆಗೆದ ವಿಡಿಯೊಗಳು. 2013ರಲ್ಲಿ ಪ್ರಬಂಧ ಬಂತು. ಸಾರ್ಡೀನ್ ಗುಂಪಿನತ್ತ ನುಗ್ಗಿ, ಮೂತಿ ಕೆಳಗೆ ಮಾಡಿ, ಬಾಲವನ್ನು ತಲೆಯ ಮೇಲಿಂದ ಚಾವಟಿಯಂತೆ ಬೀಸುತ್ತದೆ. ಒಂದೇ ಏಟಿಗೆ ಹಲವು ಮೀನು ತತ್ತರಿಸುತ್ತವೆ. ಅದನ್ನು ತೆಗೆದದ್ದು ಡೈವರ್‌ಗಳು ಕೈಯಲ್ಲಿ ಹಿಡಿದ ಕ್ಯಾಮೆರಾಗಳು. ಜಲಾಂತರ್ಗಾಮಿಯೂ ಇಲ್ಲ, ದೊಡ್ಡ ತಂಡವೂ ಇಲ್ಲ. ನಮ್ಮಂಥವರಿಗೆ ಇದು ಧೈರ್ಯ ಕೊಡುವ ಸುದ್ದಿ.

ಶಾರ್ಕ್‌ಗಳ ಮಿಲನ ಚಿತ್ರಿಸಿದವರು ಬಹಳ ಕಡಿಮೆ ಅಂತಾರೆ. ಅವಕಾಶ ಇದೆಯೇ?

ಇದೆ, ಆದರೆ ಗುರುತು ಹಿಡಿಯಲು ಬರಬೇಕು. ಗಂಡು ಹೆಣ್ಣಿನ ಪಕ್ಕದ ಈಜುರೆಕ್ಕೆಯನ್ನು ಕಚ್ಚಿ ಹಿಡಿಯುತ್ತದೆ. ಹಾಗಾಗಿ ಹೆಣ್ಣುಗಳ ರೆಕ್ಕೆ, ಕುತ್ತಿಗೆ, ಬೆನ್ನಿನ ಮೇಲೆ ಹಸಿ ಗಾಯ ಕಾಣತೊಡಗಿದರೆ ಕಾಲ ಬಂದಿದೆ ಎಂದರ್ಥ. ಒಂದು ಹೆಣ್ಣಿನ ಬಾಲದ ಹತ್ತಿರಕ್ಕೆ ಮೂತಿ ಇಟ್ಟು ಹಲವು ಗಂಡುಗಳು ಸಾಲಾಗಿ ಹಿಂಬಾಲಿಸುವುದು ಇನ್ನೊಂದು ಗುರುತು. ಆ ಸಾಲು ಕಂಡರೆ ಬೇರೆ ಎಲ್ಲ ಬಿಟ್ಟು ಅದನ್ನೇ ನೋಡಿ. ಹತ್ತಿರ ಹೋಗಬೇಡಿ, ಪಕ್ಕದಲ್ಲಿ, ಕೆಳಮಟ್ಟದಲ್ಲಿ ಉಳಿಯಿರಿ.

ನರ್ಸ್ ಶಾರ್ಕ್‌ಗಳ ಮಿಲನದ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿ ಅಮೆರಿಕದ ಫ್ಲಾರಿಡಾ ಬಳಿಯ ಡ್ರೈ ಟೊರ್ಟುಗಾಸ್ ದ್ವೀಪಗಳಿಂದ ಬಂದದ್ದು. ಜೆಫ್ರಿ ಕ್ಯಾರಿಯರ್ ಮತ್ತು ವೆಸ್ ಪ್ರಾಟ್ ಎಂಬ ಸಂಶೋಧಕರು 1990ರ ದಶಕದಿಂದ ಅಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಅಧ್ಯಯನ ಮಾಡಿದರು. ನೀರು ಸೊಂಟದಷ್ಟು ಆಳ ಅಷ್ಟೇ. ಆ ಜಾಗಕ್ಕೆ ಸಾರ್ವಜನಿಕರ ಪ್ರವೇಶಕ್ಕೆ ನಿರ್ಬಂಧ ಇದೆ, ಇರಲೇಬೇಕು. ದಕ್ಷಿಣ ಆಫ್ರಿಕಾದ ಅಲಿವಲ್ ಶೋಲ್‌ನಲ್ಲಿ ರ್‍ಯಾಗೆಡ್‌ಟೂತ್ ಶಾರ್ಕ್‌ಗಳು ಅಲ್ಲಿನ ಚಳಿಗಾಲದಲ್ಲಿ ಮಿಲನಕ್ಕೆ ಸೇರುತ್ತವೆ. ಅಲ್ಲಿ ಡೈವ್ ಮಾಡಬಹುದು. ಇವು ಮೇಲೆ ಬಂದು ಗಾಳಿ ನುಂಗಿ, ಹೊಟ್ಟೆಯಲ್ಲಿ ಇಟ್ಟುಕೊಂಡು, ನೀರಲ್ಲಿ ಅಲುಗಾಡದೆ ತೇಲುವ ಶಾರ್ಕ್‌ಗಳು. ಆ ಗಾಳಿ ನುಂಗುವ ದೃಶ್ಯವೂ ಚಿತ್ರಿಸಲು ಯೋಗ್ಯ, ಯಾರೂ ಅತ್ತ ಗಮನ ಕೊಡುವುದಿಲ್ಲ.

ಹುಣ್ಣಿಮೆ, ಅಮಾವಾಸ್ಯೆ ನೋಡಿ ಡೈವ್ ಮಾಡಬೇಕು ಅಂತಾರೆ. ಇದು ನಂಬಿಕೆಯೋ ನಿಜವೋ?

ನಿಜ. ಮೀನುಗಳು ಚಂದ್ರನ ಲೆಕ್ಕದಲ್ಲಿ ಮೊಟ್ಟೆ ಬಿಡುತ್ತವೆ, ಶಾರ್ಕ್‌ಗಳು ಆ ಮೀನುಗಳ ಲೆಕ್ಕದಲ್ಲಿ ಬರುತ್ತವೆ. ಬೆಲೀಜ್‌ನ ಗ್ಲ್ಯಾಡನ್ ಸ್ಪಿಟ್‌ನಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಹುಣ್ಣಿಮೆಯ ಆಸುಪಾಸಿನ ಸಂಜೆಗಳಲ್ಲಿ ಸ್ನ್ಯಾಪರ್ ಮೀನುಗಳು ಸಾವಿರಗಟ್ಟಲೆ ಸೇರಿ ಮೊಟ್ಟೆ ಬಿಡುತ್ತವೆ. ನೀರು ಹಾಲಿನಂತಾಗುತ್ತದೆ. ಆ ಮೊಟ್ಟೆ ಹೀರಲು ತಿಮಿಂಗಿಲ ಶಾರ್ಕ್ ಬರುತ್ತದೆ. ಫಕರಾವಾದಲ್ಲಿ ಜೂನ್, ಜುಲೈ ಹುಣ್ಣಿಮೆಗೆ ಗ್ರೂಪರ್ ಮೀನುಗಳ ಜಾತ್ರೆ.

ಉಬ್ಬರ ಇಳಿತವನ್ನೂ ಮರೆಯಬೇಡಿ. ಕಾಲುವೆಯಂಥ ಜಾಗದಲ್ಲಿ ನೀರು ಒಳಗೆ ಬರುವಾಗ ತಿಳಿಯಾಗಿರುತ್ತದೆ, ಹೊರಗೆ ಹೋಗುವಾಗ ಕೆಸರು ತರುತ್ತದೆ. ರಜೆ ಹಾಕುವ ಮೊದಲು ಕ್ಯಾಲೆಂಡರ್‌ನಲ್ಲಿ ಚಂದ್ರನನ್ನು ನೋಡಿ, ಆಮೇಲೆ ವಿಮಾನದ ಟಿಕೆಟ್.

ದೊಡ್ಡ ಶಾರ್ಕ್‌ಗಳೇ ಬೇಕಾ?

ಬೇಡ! ನನ್ನನ್ನು ಕೇಳಿದರೆ ಅಪರೂಪದ ದೃಶ್ಯ ಬೇಕಾದವರು ಚಿಕ್ಕವುಗಳ ಕಡೆ ಹೋಗಬೇಕು. ಅಲ್ಲಿ ಪೈಪೋಟಿ ಕಡಿಮೆ, ಸಿಗುವ ಸಾಧ್ಯತೆ ಜಾಸ್ತಿ.

ಎಪಾಲೆಟ್ ಶಾರ್ಕ್ ಮತ್ತು ಅದರ ಬಳಗ ಈಜುವುದಕ್ಕಿಂತ ನಡೆಯುವುದೇ ಹೆಚ್ಚು. ನಾಲ್ಕು ಈಜುರೆಕ್ಕೆಗಳನ್ನು ಕಾಲುಗಳಂತೆ ಊರಿ, ಹಲ್ಲಿಯ ಹಾಗೆ ಮೈ ಬಳುಕಿಸಿ ಹವಳದ ಮೇಲೆ ನಡೆಯುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಇಳಿತದ ಹೊತ್ತು ನೀರು ಬತ್ತಿದ ಗುಂಡಿಯಿಂದ ಗುಂಡಿಗೆ ದಾಟಿಕೊಳ್ಳುತ್ತವೆ. ಆಮ್ಲಜನಕ ತೀರ ಕಮ್ಮಿಯಾದರೂ ಗಂಟೆಗಟ್ಟಲೆ ತಡೆದುಕೊಳ್ಳುತ್ತವೆ. ಇಂಡೋನೇಷ್ಯಾದ ರಾಜಾ ಅಂಪತ್‌ನಲ್ಲಿ ರಾತ್ರಿ ಡೈವ್‌ಗೆ ಇಳಿದರೆ ಇದೇ ಬಳಗದ ಇನ್ನೊಂದು ಜಾತಿ ಸಿಗುತ್ತದೆ. ಐದಾರು ಮೀಟರ್ ಆಳ ಸಾಕು, ಟ್ಯಾಂಕಿನ ಗಾಳಿ ಬೇಗ ಮುಗಿಯುವ ಚಿಂತೆ ಇಲ್ಲ, ಒಂದೇ ಪ್ರಾಣಿಯ ಜೊತೆ ಅರ್ಧ ಗಂಟೆ ಕಳೆಯಬಹುದು. ಕ್ಯಾಮೆರಾವನ್ನು ಮರಳಿಗೆ ಅಂಟುವಷ್ಟು ಕೆಳಗೆ ಇಟ್ಟು, ಅದು ನಿಮ್ಮತ್ತ ನಡೆದು ಬರುವ ದಾರಿಯಲ್ಲಿ ಕಾಯಿರಿ. ಮೇಲಿಂದ ತೆಗೆದರೆ ನಡಿಗೆಯೇ ಕಾಣುವುದಿಲ್ಲ.

ಪೋರ್ಟ್ ಜಾಕ್ಸನ್ ಶಾರ್ಕ್‌ನ ಮೊಟ್ಟೆ ತಿರುಪಿನ ಆಕಾರದ್ದು. ಹೆಣ್ಣು ಮೊಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಬಂಡೆಯ ಸಂದಿಗೆ ಸಿಕ್ಕಿಸುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕರಾವಳಿಯ ಜರ್ವಿಸ್ ಬೇಯಂಥ ಕಡೆ ಅಲ್ಲಿನ ಚಳಿಗಾಲ ಮತ್ತು ವಸಂತದಲ್ಲಿ ಇವು ಗುಂಪಾಗಿ ಸೇರುತ್ತವೆ.

ಇನ್ನು ಸ್ವೆಲ್ ಶಾರ್ಕ್. ಕ್ಯಾಲಿಫೋರ್ನಿಯಾ ಕರಾವಳಿಯ ಕಂದು ಬಣ್ಣದ, ನೋಡಲು ಏನೂ ವಿಶೇಷವಿಲ್ಲದ ಮೀನು. ಅದರ ಮೇಲೆ ನೀಲಿ ಬೆಳಕು ಬಿಟ್ಟು, ಲೆನ್ಸ್ ಮುಂದೆ ಹಳದಿ ಫಿಲ್ಟರ್ ಹಾಕಿದರೆ ಮೈ ತುಂಬ ಹಸಿರು ಚುಕ್ಕೆ ಹೊಳೆಯುತ್ತವೆ. ಇಂಥ ಹೊಳಪು 180ಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಇದೆಯೆಂದು 2014ರ ಅಧ್ಯಯನ ತೋರಿಸಿತು. ಅದೇ ಕರಾವಳಿಯ ಲಾ ಹೋಯಾದಲ್ಲಿ ಬೇಸಿಗೆಯಲ್ಲಿ ಲೆಪರ್ಡ್ ಶಾರ್ಕ್‌ಗಳು, ಅದರಲ್ಲೂ ಬಸುರಿ ಹೆಣ್ಣುಗಳು, ಬೆಚ್ಚಗಿನ ತೆಳು ನೀರಿಗೆ ಬಂದು ಸೇರುತ್ತವೆ. ಟ್ಯಾಂಕೂ ಬೇಡ, ಸ್ನಾರ್ಕೆಲ್ ಸಾಕು.

ನನ್ನ ಹತ್ರ ಸಣ್ಣ ಆಕ್ಷನ್ ಕ್ಯಾಮೆರಾ ಮಾತ್ರ ಇದೆ. ಆಗುತ್ತಾ?

ಆಗುತ್ತೆ. ನಡವಳಿಕೆ ಚಿತ್ರಿಸಲು ಅಗಲ ಲೆನ್ಸ್, ಚೆನ್ನಾಗಿರುವ ಬ್ಯಾಟರಿ, ದೊಡ್ಡ ಕಾರ್ಡ್ ಇದ್ದರೆ ಅರ್ಧ ಕೆಲಸ ಮುಗಿಯಿತು. ಸೆಕೆಂಡಿಗೆ 60 ಫ್ರೇಮ್ ಇಟ್ಟುಕೊಳ್ಳಿ, ಬೆಳಕಿದ್ದರೆ 120. ಬಾಲದ ಏಟು, ಬಾಯಿ ತೆರೆಯುವುದು ಇವೆಲ್ಲ ನಿಧಾನಗತಿಯಲ್ಲೇ ಅರ್ಥವಾಗುವುದು. ಕೆಂಪು ಬಣ್ಣ ಮೊದಲ ಕೆಲವು ಮೀಟರ್‌ಗಳಲ್ಲೇ ಮಾಯವಾಗುತ್ತದೆ. ಹಾಗಾಗಿ ಆಳಕ್ಕೆ ಇಳಿದ ಮೇಲೆ ವೈಟ್ ಬ್ಯಾಲೆನ್ಸ್ ಸರಿ ಮಾಡಿಕೊಳ್ಳಿ.

ಕೆಲವು ಕ್ಯಾಮೆರಾಗಳಲ್ಲಿ ಬಟನ್ ಒತ್ತುವ ಮೊದಲಿನ ಹದಿನೈದೋ ಮೂವತ್ತೋ ಸೆಕೆಂಡನ್ನು ಉಳಿಸುವ ಸೌಲಭ್ಯ ಇದೆ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ನಿಜ. ಆದರೂ ಇಂಥ ಕೆಲಸಕ್ಕೆ ಅದು ವರ. ಇಲ್ಲದಿದ್ದರೆ ಒಂದು ಅಭ್ಯಾಸ ಮಾಡಿಕೊಳ್ಳಿ: ಶಾರ್ಕ್ ಚೌಕಟ್ಟಿನಿಂದ ಹೊರಗೆ ಹೋದ ಮೇಲೂ ಇಪ್ಪತ್ತು ಎಣಿಸುವವರೆಗೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ವೈಟ್‌ಟಿಪ್ ಒಂದು ಗಂಟಲವರೆಗೂ ಬಾಯಿ ತೆರೆದು, ದವಡೆ ಹೊರಗೆ ಚಾಚಿ ಆಕಳಿಸಿದ್ದನ್ನು ನಾನು ನೋಡಿದ್ದು ಕ್ಯಾಮೆರಾ ಆಫ್ ಮಾಡಿದ ಮೂರನೇ ಸೆಕೆಂಡಿಗೆ. ಅವತ್ತಿನಿಂದ ಎಣಿಸುತ್ತೇನೆ.

ಗುಳ್ಳೆಗಳಿಂದ ಶಾರ್ಕ್ ಓಡಿಹೋಗುತ್ತಾ? ಉಸಿರು ಬಿಗಿಹಿಡಿಯಬಹುದಾ?

ಎರಡನೆಯದಕ್ಕೆ ಉತ್ತರ ಮೊದಲು: ಸ್ಕೂಬಾದಲ್ಲಿ ಉಸಿರು ಬಿಗಿಹಿಡಿಯಬೇಡಿ. ಸ್ವಲ್ಪ ಮೇಲೆ ತೇಲಿದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಹ್ಯಾಮರ್‌ಹೆಡ್, ಥ್ರೆಷರ್‌ನಂಥವು ಗುಳ್ಳೆಗೆ ಹೆದರುತ್ತವೆ, ಅದು ನಿಜ. ಅದಕ್ಕೆ ಬಂಡೆಯ ಪಕ್ಕ ಅಡಗಿ ಕೂರುವುದು, ಉಸಿರನ್ನು ನಿಧಾನವಾಗಿ ಸಣ್ಣಗೆ ಬಿಡುವುದು, ಗುಂಪಿನಿಂದ ಸ್ವಲ್ಪ ದೂರ, ಆದರೆ ಜೊತೆಗಾರನ ಕಣ್ಣಳತೆಯಲ್ಲಿ ಉಳಿಯುವುದು. ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡುವ ರೀಬ್ರೀದರ್‌ನಲ್ಲಿ ಗುಳ್ಳೆ ಬಹುತೇಕ ಇರುವುದಿಲ್ಲ. ಅದು ತುಂಬ ತರಬೇತಿ, ಶಿಸ್ತು ಕೇಳುವ ಉಪಕರಣ, ಶೋಕಿಗೆ ಕೊಳ್ಳುವಂಥದ್ದಲ್ಲ.

ಕಾಯುವ ಹೊತ್ತು ಹೆಚ್ಚಿಸಲು ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ, ಒಳ್ಳೆಯದು. ಶೇಕಡ 32 ಆಮ್ಲಜನಕದ ಮಿಶ್ರಣಕ್ಕೆ ಆಳದ ಮಿತಿ ಸುಮಾರು 33 ಮೀಟರ್ ಎನ್ನುವುದು ನೆನಪಿರಲಿ. ಶಾರ್ಕ್ ಆಳಕ್ಕೆ ಇಳಿದಾಗ ಹಿಂದೆಯೇ ಇಳಿದುಬಿಡುವ ಚಪಲ ಎಲ್ಲರಿಗೂ ಬರುತ್ತದೆ.

ಕ್ಯಾಮೆರಾವನ್ನು ಅಲ್ಲೇ ಬಿಟ್ಟು ದೂರ ಬಂದರೆ?

ಬಹಳ ಸಲ ಇದೇ ಒಳ್ಳೆಯ ದಾರಿ. ಸಣ್ಣ ಟ್ರೈಪಾಡ್‌ಗೆ ತೂಕ ಕಟ್ಟಿ ಕ್ಲೀನಿಂಗ್ ಸ್ಟೇಷನ್ ಕಡೆ ಮುಖ ಮಾಡಿ ಇಡಿ, ಬರಿ ಮರಳಿನ ಮೇಲೆ, ಹವಳದ ಮೇಲಲ್ಲ. ಮುಂದಿನ ಡೈವ್‌ನಲ್ಲಿ ತೆಗೆದುಕೊಳ್ಳಿ. ಡೈವರ್ ಇಲ್ಲದಾಗ ಶಾರ್ಕ್‌ಗಳು ಎಷ್ಟು ಸಲೀಸಾಗಿ ಇರುತ್ತವೆ ಅಂತ ನೋಡಿದರೆ ಸ್ವಲ್ಪ ಅವಮಾನವೇ ಆಗುತ್ತದೆ. ಗೈಡ್‌ಗೆ ಹೇಳಿ ಇಡಿ, ಸೆಳೆತ ಇರುವ ಕಡೆ ಇಡಲೇಬೇಡಿ. ಒಮ್ಮೊಮ್ಮೆ ಶಾರ್ಕ್ ಬಂದು ಕ್ಯಾಮೆರಾವನ್ನು ಮೂತಿಯಿಂದ ತಿವಿಯುತ್ತದೆ. ಅವುಗಳ ಮೂತಿಯಲ್ಲಿ ವಿದ್ಯುತ್ ಕ್ಷೇತ್ರ ಗ್ರಹಿಸುವ ಅಂಗಗಳಿವೆ, ಹಾಗಾಗಿ ಉಪಕರಣದ ಬಗ್ಗೆ ಅವುಗಳಿಗೆ ಕುತೂಹಲ.

ಮೀನು ಹಾಕಿ ಶಾರ್ಕ್ ಕರೆಸುವ ಡೈವ್‌ಗಳಿಗೆ ಹೋಗಬಹುದಾ?

ಬಹಾಮಾಸ್‌ನ ಟೈಗರ್ ಬೀಚ್‌ನಲ್ಲಿ ಹುಲಿ ಶಾರ್ಕ್, ಬಿಮಿನಿಯಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗ್ರೇಟ್ ಹ್ಯಾಮರ್‌ಹೆಡ್ ಹೀಗೇ ಸಿಗುವುದು. ಹತ್ತಿರದ ಚಿತ್ರ ಬೇಕಾದವರಿಗೆ ಸರಿ. ಅಲ್ಲಿ ಕಾಣುವುದು ಬಹುಮಟ್ಟಿಗೆ ತಿಂಡಿಗೆ ಬಂದವರ ನಡವಳಿಕೆ. ಆದರೂ ಮೀನಿನ ಡಬ್ಬದ ಹತ್ತಿರ ನೋಡುವ ಬದಲು ಅಂಚಿನ ಕಡೆ ನೋಡಿ. ಯಾವುದು ಯಾವುದಕ್ಕೆ ದಾರಿ ಬಿಡುತ್ತದೆ, ಚಿಕ್ಕದು ದೊಡ್ಡದರಿಂದ ಎಷ್ಟು ದೂರ ಸರಿಯುತ್ತದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ನಿಮ್ಮ ವಿಡಿಯೊದಲ್ಲಿ ಮೀನು ಹಾಕಿದ್ದೆವು ಎಂದು ಪ್ರಾಮಾಣಿಕವಾಗಿ ಹೇಳಿ. ಅದನ್ನು ಮುಚ್ಚಿಟ್ಟು "ಸಹಜ ಬೇಟೆ" ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಶಾರ್ಕ್ ಸಿಟ್ಟಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಗ್ರೇ ರೀಫ್ ಶಾರ್ಕ್ ಸ್ಪಷ್ಟವಾಗಿ ಹೇಳುತ್ತದೆ. ಬೆನ್ನು ಗೂನು ಮಾಡಿ, ಮೂತಿ ಮೇಲೆತ್ತಿ, ಪಕ್ಕದ ರೆಕ್ಕೆಗಳನ್ನು ಕೆಳಗೆ ಚುಚ್ಚಿ, ಇಡೀ ಮೈಯನ್ನು ಆ ಕಡೆ ಈ ಕಡೆ ಉತ್ಪ್ರೇಕ್ಷೆಯಿಂದ ಬೀಸುತ್ತಾ ಈಜುತ್ತದೆ. 1973ರಲ್ಲೇ ಜಾನ್ಸನ್ ಮತ್ತು ನೆಲ್ಸನ್ ಎಂಬ ಸಂಶೋಧಕರು ಇದನ್ನು ವಿವರವಾಗಿ ಬರೆದರು. ಡೈವರ್ ಅಟ್ಟಿಸಿಕೊಂಡು ಹೋದಾಗ, ತಪ್ಪಿಸಿಕೊಳ್ಳುವ ದಾರಿ ಮುಚ್ಚಿದಾಗ ಇದು ಜಾಸ್ತಿಯಾಗುತ್ತದೆ ಎಂದು ಕಂಡುಕೊಂಡರು. ನೋಡಲು ಅದ್ಭುತವಾಗಿರುತ್ತದೆ. ಅದನ್ನು ಬೇಕಂತಲೇ ಬರಿಸಿಕೊಂಡು ಚಿತ್ರಿಸುವುದು ಕಚ್ಚಿಸಿಕೊಳ್ಳುವ ದಾರಿ. ತಾನಾಗಿ ಕಂಡರೆ ಮುಖ ಅದರತ್ತಲೇ ಇಟ್ಟುಕೊಂಡು, ದಾರಿ ಬಿಟ್ಟು, ನಿಧಾನಕ್ಕೆ ಹಿಂದೆ ಸರಿಯಿರಿ. ಬೇರೆ ಜಾತಿಗಳಲ್ಲೂ ಇಳಿಬಿದ್ದ ರೆಕ್ಕೆ, ಥಟ್ಟನೆ ತಿರುಗುವುದು, ಮತ್ತೆ ಮತ್ತೆ ಹತ್ತಿರ ಬರುವುದು ಕಂಡರೆ ಡೈವ್ ಮುಗಿಸಿ.

ಮೇಲೆ ಬರುವಾಗಲೂ ಎಚ್ಚರ ಇರಲಿ. 2017ರಲ್ಲಿ ಕೊಕೊಸ್‌ನಲ್ಲಿ ಡೈವ್ ಮುಗಿಸಿ ಮೇಲೇರುತ್ತಿದ್ದವರ ಮೇಲೆ ಹುಲಿ ಶಾರ್ಕ್ ದಾಳಿ ಮಾಡಿ ಒಬ್ಬರು ಸತ್ತರು. ಸೇಫ್ಟಿ ಸ್ಟಾಪ್‌ನಲ್ಲಿ, ಅಂದರೆ ಮೇಲೆ ಬರುವ ಮುಂಚೆ ಕೆಲವು ನಿಮಿಷ ನಿಲ್ಲುವಾಗ, ಕ್ಯಾಮೆರಾದ ಪರದೆ ನೋಡುತ್ತಾ ನಿಲ್ಲುವ ಚಾಳಿ ಬಿಡಿ.

ಗೈಡ್ ಮತ್ತು ಬೋಟ್ ಆಯ್ಕೆ ಮಾಡುವಾಗ ಏನು ಕೇಳಬೇಕು?

"ಶಾರ್ಕ್ ಸಿಗುತ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಒಂದೇ ಜಾಗಕ್ಕೆ ಮೂರು ನಾಲ್ಕು ಸಲ ಇಳಿಸುತ್ತೀರಾ ಅಂತ ಕೇಳಿ. ಸೂರ್ಯ ಹುಟ್ಟುವ ಮೊದಲೇ ಹೊರಡುತ್ತೀರಾ? ಒಬ್ಬ ಗೈಡ್‌ಗೆ ಎಷ್ಟು ಜನ? ಹೋದ ವಾರ ಏನು ಕಂಡಿತು, ಯಾವ ಆಳದಲ್ಲಿ? ಕೊನೆಯ ಪ್ರಶ್ನೆಗೆ ಥಟ್ಟನೆ, ವಿವರವಾಗಿ ಉತ್ತರ ಬಂದರೆ ಆ ಮನುಷ್ಯ ಕಣ್ಣು ಬಿಟ್ಟು ನೋಡುವವನು. ಒಂದು ಸಲ ಕರಪತ್ರದ ಚಿತ್ರ ನೋಡಿ ಒಂದು ಬೋಟ್ ಹತ್ತಿದ್ದೆ. ಹದಿನೆಂಟು ಜನ, ಒಬ್ಬ ಗೈಡ್, ಪ್ರತಿ ಡೈವ್ ಬೇರೆ ಜಾಗ. ಆ ವಾರದ ನನ್ನ ಕಾರ್ಡ್ ತುಂಬ ಬೇರೆಯವರ ಕಾಲಿನ ಫಿನ್‌ಗಳು.

ವರ್ಷಗಟ್ಟಲೆ ಅಲ್ಲೇ ಇರುವ ಗೈಡ್‌ಗೆ ನೀವು ಏನು ಹುಡುಕುತ್ತಿದ್ದೀರಿ ಅಂತ ಬಿಡಿಸಿ ಹೇಳಿ, ನಿಮ್ಮ ವಿಡಿಯೊ ತೋರಿಸಿ. "ಓ, ಇದಾ? ಆ ಬಂಡೆ ಹಿಂದೆ ಫೆಬ್ರವರಿಯಲ್ಲಿ ದಿನಾ ಮಾಡುತ್ತೆ" ಅನ್ನುವ ಮಾತು ಬರುವುದು ಆಗಲೇ.

ಸಂಶೋಧಕರ ಜೊತೆ ಹೋಗಲು ಆಗುತ್ತಾ?

ಆಗುತ್ತದೆ. ಬಿಮಿನಿಯಲ್ಲಿ ಸ್ಯಾಮುಯೆಲ್ ಗ್ರೂಬರ್ 1990ರಲ್ಲಿ ಕಟ್ಟಿದ ಸಂಶೋಧನಾ ಕೇಂದ್ರ ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತದೆ. ಮ್ಯಾಂಗ್ರೋವ್ ಬೇರುಗಳ ನಡುವೆ ಲೆಮನ್ ಶಾರ್ಕ್ ಮರಿಗಳು ಬೆಳೆಯುವುದನ್ನು ನೋಡಬೇಕೆಂದರೆ ಅದು ಒಳ್ಳೆಯ ಕಡೆ. ಪಾತ್ರೆ ತೊಳೆಯುವುದು, ಬಲೆ ಎಳೆಯುವುದು, ಸೊಳ್ಳೆ ಕಚ್ಚಿಸಿಕೊಳ್ಳುವುದು ಎಲ್ಲ ಇರುತ್ತದೆ.

ನಿಯಮಗಳು ಏನಿವೆ?

ಜಾಗಕ್ಕೊಂದು. ಆಸ್ಟ್ರೇಲಿಯಾದ ನಿಂಗಲೂನಲ್ಲಿ ತಿಮಿಂಗಿಲ ಶಾರ್ಕ್‌ನ ತಲೆ, ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ ಇರಬೇಕು, ಫ್ಲಾಶ್ ಇಲ್ಲ. ಮಾಲ್ಡೀವ್ಸ್‌ನ ಹನಿಫಾರು ಕೊಲ್ಲಿಯಲ್ಲಿ ಸ್ಕೂಬಾ ಇಲ್ಲ, ಸ್ನಾರ್ಕೆಲ್ ಮಾತ್ರ. ವಿಡಿಯೊ ಮಾರುವ ಯೋಚನೆ ಇದ್ದರೆ ಅನೇಕ ರಾಷ್ಟ್ರೀಯ ಉದ್ಯಾನಗಳಲ್ಲಿ ಬೇರೆ ಪರವಾನಗಿ ಬೇಕು. ಡ್ರೋನ್‌ಗೆ ಇನ್ನೊಂದು.

ಡ್ರೋನ್ ಅಂದಿರಿ. ನೀರಿಗಿಳಿಯದೆ ಆಗುತ್ತಾ?

ಈಚಿನ ದೊಡ್ಡ ಸುದ್ದಿಗಳಲ್ಲಿ ಹಲವು ಮೇಲಿಂದಲೇ ಬಂದಿವೆ. 2022ರಲ್ಲಿ ದಕ್ಷಿಣ ಆಫ್ರಿಕಾದ ಮಾಸೆಲ್ ಬೇಯಲ್ಲಿ ಓರ್ಕಾಗಳು ಬಿಳಿ ಶಾರ್ಕ್ ಅನ್ನು ಕೊಂದದ್ದು ಡ್ರೋನ್‌ನಲ್ಲಿ ಸಿಕ್ಕಿತು. 2023ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಆಗಷ್ಟೇ ಹುಟ್ಟಿದ್ದಂತೆ ಕಾಣುವ ಬಿಳಿ ಶಾರ್ಕ್ ಮರಿ, ಮೈಯಿಂದ ಬೆಳ್ಳಗಿನ ಪದರ ಕಳಚುತ್ತಾ ಈಜುವುದು ಕಂಡಿತು. ಐರ್ಲೆಂಡ್‌ನ ಪಶ್ಚಿಮ ಕರಾವಳಿಯಲ್ಲಿ ಬಾಸ್ಕಿಂಗ್ ಶಾರ್ಕ್‌ಗಳು ಮೇಲೆ ಕೆಳಗೆ ಪದರ ಪದರವಾಗಿ ಚಕ್ರದಂತೆ ಸುತ್ತುವುದನ್ನು ನೀರೊಳಗಿನ ಕ್ಯಾಮೆರಾ ಮತ್ತು ಡ್ರೋನ್ ಎರಡೂ ಸೇರಿ ತೋರಿಸಿದವು. ಅದು ಪ್ರಣಯದ ಸುತ್ತು ಎಂದು 2022ರ ಪ್ರಬಂಧ ಹೇಳುತ್ತದೆ.

ವಿಚಿತ್ರವಾದದ್ದು ಸಿಕ್ಕಿದೆ. ಈಗ ಏನು ಮಾಡಲಿ?

ಮೊದಲು ಮೂಲ ಫೈಲ್ ಎರಡು ಕಡೆ ಉಳಿಸಿ. ಕತ್ತರಿಸಬೇಡಿ, ಬಣ್ಣ ತಿದ್ದಬೇಡಿ, ಹಾಡು ಹಾಕಬೇಡಿ. ಅದೇ ದಿನ ಬರೆದಿಡಿ: ಜಾಗ, ಗಂಟೆ, ಆಳ, ನೀರಿನ ಬಿಸಿ, ಸೆಳೆತ ಯಾವ ಕಡೆ, ಚಂದ್ರ ಎಷ್ಟು, ಸುತ್ತ ಎಷ್ಟು ಡೈವರ್‌ಗಳು, ಮೀನು ಹಾಕಿದ್ದರೇ. ನಾಳೆ ಬರೆದರಾಯಿತು ಅಂದರೆ ಅರ್ಧ ಮರೆತಿರುತ್ತದೆ.

ಆಮೇಲೆ ಆ ಜಾತಿಯ ಮೇಲೆ ಕೆಲಸ ಮಾಡುವವರಿಗೆ ಬರೆಯಿರಿ. ಪ್ರಬಂಧಗಳಲ್ಲೇ ಅವರ ವಿಳಾಸ ಇರುತ್ತದೆ. ಡೈವರ್‌ಗಳ ವಿಡಿಯೊಗಳು ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ. ಬೇರೆ ಮೀನುಗಳು ಶಾರ್ಕ್‌ನ ಒರಟು ಚರ್ಮಕ್ಕೆ ಮೈ ಉಜ್ಜಿಕೊಳ್ಳುತ್ತವೆ ಎಂಬುದನ್ನು ಇಂಥ ವಿಡಿಯೊ, ಫೋಟೊಗಳನ್ನು ಜಗತ್ತಿನ ನಾನಾ ಕಡೆಯಿಂದ ಒಟ್ಟುಗೂಡಿಸಿಯೇ ತೋರಿಸಿದ್ದು. ತಿಂದುಬಿಡಬಹುದಾದ ಪ್ರಾಣಿಯ ಬೆನ್ನಿಗೇ ಮೈ ಕೆರೆದುಕೊಳ್ಳುವ ಧೈರ್ಯ ನೋಡಿ! ತಿಮಿಂಗಿಲ ಶಾರ್ಕ್ ಆದರೆ ಎಡಗಡೆಯ ಕಿವಿರಿನ ಹಿಂದಿನ ಚುಕ್ಕೆಗಳ ಚಿತ್ರವನ್ನು ಶಾರ್ಕ್‌ಬುಕ್ ಎಂಬ ಜಾಲತಾಣಕ್ಕೆ ಕಳಿಸಿ. ಒಂದೊಂದಕ್ಕೂ ಚುಕ್ಕೆಗಳು ಬೇರೆ. ಅವನ್ನು ಹೋಲಿಸುವ ಲೆಕ್ಕ ನಕ್ಷತ್ರಗಳ ಚಿತ್ರ ಹೋಲಿಸಲು ಖಗೋಳ ವಿಜ್ಞಾನಿಗಳು ಬಳಸುತ್ತಿದ್ದ ವಿಧಾನದಿಂದ ಬಂದದ್ದು.

ಸೂಕ್ಷ್ಮ ಜಾಗವಾದರೆ, ಅಂದರೆ ಮರಿ ಹಾಕುವ ಇಲ್ಲವೇ ಮಿಲನದ ಜಾಗವಾದರೆ, ಎಲ್ಲರಿಗೂ ಕಾಣುವಂತೆ ನಿಖರ ಸ್ಥಳ ಹಾಕಬೇಡಿ. ಸಂಶೋಧಕರಿಗೆ ಮಾತ್ರ ಕೊಡಿ.

ಎಷ್ಟು ಡೈವ್ ಅನುಭವ ಬೇಕು?

ಕೈಯಲ್ಲಿ ಕ್ಯಾಮೆರಾ ಹಿಡಿದು, ಏನನ್ನೂ ಮುಟ್ಟದೆ, ಹತ್ತು ನಿಮಿಷ ಒಂದೇ ಆಳದಲ್ಲಿ ನಿಲ್ಲಲು ಬಂದರೆ ಸಾಕು. ಬರದಿದ್ದರೆ ಕ್ಯಾಮೆರಾ ಮನೆಯಲ್ಲಿ ಬಿಟ್ಟು ಇಪ್ಪತ್ತು ಡೈವ್ ಮಾಡಿ.

ಒಂದು ವಾರದ ಪ್ರವಾಸದಲ್ಲಿ ಏನಾದರೂ ಸಿಗುತ್ತಾ?

ಕ್ಲೀನಿಂಗ್ ಸ್ಟೇಷನ್‌ಗೆ ಹೋದರೆ ಹೆಚ್ಚುಕಮ್ಮಿ ಸಿಗುತ್ತದೆ. ರಾತ್ರಿ ನಡೆಯುವ ಶಾರ್ಕ್‌ಗಳೂ ಸಿಗುತ್ತವೆ. ಮಿಲನ, ಹೊಟ್ಟೆ ತೊಳೆಯುವುದು ಇಂಥವು ಮೂರನೇ ವರ್ಷ ಸಿಗಬಹುದು, ಅಥವಾ ಮೊದಲ ಡೈವ್‌ನಲ್ಲೇ ಪಕ್ಕದವನಿಗೆ ಸಿಗಬಹುದು. ನನ್ನ ಪುಸ್ತಕದಲ್ಲಿ ಒಂದೇ ದಿಬ್ಬದ ಮೇಲೆ ಮಾಡಿದ 41 ಡೈವ್‌ಗಳ ಲೆಕ್ಕ ಇದೆ. ಅವುಗಳಲ್ಲಿ ಮೂವತ್ತು ಡೈವ್‌ಗಳ ಎದುರಿಗೆ "ಏನೂ ಇಲ್ಲ, ನೀರು ತಿಳಿ" ಅಂತ ಬರೆದಿದ್ದೇನೆ. ಮುಂದಿನ ಹುಣ್ಣಿಮೆಗೆ ಮತ್ತೆ ಅಲ್ಲಿಗೇ ಹೋಗುತ್ತಿದ್ದೇನೆ.